ಬೆಳಕಿಗೆ ಕ್ಯಾನ್ಸರ್ ಕೋಶ ಕಾಣುವುದು ಎಷ್ಟು ಆಳದವರೆಗೆ?

2024ರ ಜನವರಿಯಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಡರ್ಮಾಸೆನ್ಸರ್ ಎಂಬ ಅಂಗೈಗಾತ್ರದ ಸಾಧನವೊಂದಕ್ಕೆ ಅನುಮತಿ ನೀಡಿತು. ಅನುಮಾನ ಹುಟ್ಟಿಸುವ ಮಚ್ಚೆಯ ಮೇಲೆ ಅದರ ತುದಿ ಒತ್ತಿದರೆ ಬೆಳಕು ಚರ್ಮದೊಳಗೆ ಹೋಗಿ, ಚದುರಿ, ವಾಪಸಾಗುತ್ತದೆ. ವಾಪಸಾದ ಬೆಳಕಿನಲ್ಲಿ ಯಾವ ಬಣ್ಣ ಎಷ್ಟಿದೆ ಎಂದು ಸಾಫ್ಟ್‌ವೇರ್ ಓದಿ, ‘ಮುಂದಿನ ಪರೀಕ್ಷೆ ಬೇಕು’ ಅಥವಾ ‘ಸದ್ಯಕ್ಕೆ ಗಮನಿಸುತ್ತಿರಿ’ ಎಂದು ತಿಳಿಸುತ್ತದೆ. ಚರ್ಮರೋಗ ತಜ್ಞರಲ್ಲದ ವೈದ್ಯರ ಕೈಗೆಂದೇ ಮಾಡಿದ ಸಾಧನ ಇದು. ಸುದ್ದಿಯಲ್ಲಿ ಎದ್ದು ಕಂಡ ಸಂಖ್ಯೆ ಶೇ 96: ಇದ್ದ ಚರ್ಮದ ಕ್ಯಾನ್ಸರ್‌ಗಳಲ್ಲಿ ಅಷ್ಟನ್ನು ಅದು ಹಿಡಿದಿತ್ತು. ಅದೇ ಅಧ್ಯಯನದ ಇನ್ನೊಂದು ಸಂಖ್ಯೆ ಶೇ 20.7. ಕ್ಯಾನ್ಸರ್ ಅಲ್ಲದ ಮಚ್ಚೆಗಳಲ್ಲಿ ‘ಇದು ಪರವಾಗಿಲ್ಲ’ ಎಂದು ಅದು ಬಿಟ್ಟುಕೊಟ್ಟದ್ದು ಅಷ್ಟನ್ನು ಮಾತ್ರ.

ಒಂದೇ ಸಾಧನಕ್ಕೆ ಇಷ್ಟು ಒಳ್ಳೆಯ ಅಂಕ, ಇಷ್ಟು ಕಳಪೆ ಅಂಕ ಎರಡೂ ಹೇಗೆ? ‘ಬೆಳಕಿನಿಂದಲೇ ಕ್ಯಾನ್ಸರ್ ಪತ್ತೆ’, ‘ಒಂದೇ ಒಂದು ಕೋಶವನ್ನೂ ಗುರುತಿಸುವ ತಂತ್ರ’ ಎಂಬ ಶೀರ್ಷಿಕೆಗಳು ಬಂದಾಗಲೆಲ್ಲ ಓದುಗರಿಗೆ ಇದೇ ಗೊಂದಲ. ಪ್ರಯೋಗಾಲಯದ ಗಾಜಿನ ಮೇಲಿನ ಕೋಶವನ್ನು ಕಂಡದ್ದು, ಬಾಯಿಯೊಳಗಿನ ಹುಣ್ಣನ್ನು ಕಂಡದ್ದು, ರಕ್ತದಲ್ಲಿ ತೇಲುವ ಕೋಶವನ್ನು ಕಂಡದ್ದು ಎಲ್ಲಕ್ಕೂ ಶೀರ್ಷಿಕೆ ಒಂದೇ. ಇವುಗಳ ನಡುವಿನ ವ್ಯತ್ಯಾಸ ತಿಳಿಯಬೇಕಾದರೆ ಬೆಳಕು ದೇಹದೊಳಗೆ ಎಷ್ಟು ದೂರ ನಡೆಯಬಲ್ಲದು ಎಂಬಲ್ಲಿಂದ ಆರಂಭಿಸಬೇಕು. ಈ ತಂತ್ರಜ್ಞಾನದ ಬಲವೂ ಮಿತಿಯೂ ಬಹುಪಾಲು ಅಲ್ಲೇ ತೀರ್ಮಾನವಾಗುತ್ತವೆ.

ಅಂಗೈ ಮತ್ತು ಟಾರ್ಚ್

ಕತ್ತಲೆ ಕೋಣೆಯಲ್ಲಿ ಟಾರ್ಚಿನ ಬಾಯಿಗೆ ಅಂಗೈ ಮುಚ್ಚಿ ಹಿಡಿದರೆ ಬೆರಳುಗಳ ಅಂಚು ಕೆಂಪಾಗಿ ಬೆಳಗುತ್ತದೆ. ಟಾರ್ಚಿನದು ಬಿಳಿ ಬೆಳಕು. ಈಚೆ ಬಂದದ್ದು ಕೆಂಪು ಮಾತ್ರ. ನೀಲಿ ಮತ್ತು ಹಸಿರನ್ನು ರಕ್ತದ ಹಿಮೋಗ್ಲೋಬಿನ್ ನುಂಗಿಬಿಟ್ಟಿದೆ. ಇನ್ನೊಂದು ಸಂಗತಿಯನ್ನೂ ಗಮನಿಸಬಹುದು: ಬೆಳಕು ಬೆರಳನ್ನು ದಾಟಿ ಬಂದರೂ ನಡುವಿನ ಮೂಳೆಯ ಸ್ಪಷ್ಟ ನೆರಳು ಕಾಣುವುದಿಲ್ಲ. ಕೋಶಗಳು, ನಾರುಗಳು, ಕೊಬ್ಬಿನ ಕಣಗಳಿಗೆ ಡಿಕ್ಕಿ ಹೊಡೆದು ಬೆಳಕಿನ ಕಿರಣ ದಿಕ್ಕು ತಪ್ಪಿದೆ. ಎಲ್ಲಿಂದ ಬಂತೆಂಬ ಗುರುತು ಅಳಿಸಿದ ಮೇಲೆ ಚಿತ್ರ ಮೂಡುವುದು ಹೇಗೆ?

ದೇಹದೊಳಗಿನ ಬೆಳಕಿನ ಎರಡು ಕಷ್ಟಗಳು ಇವೇ: ಹೀರಿಕೆ ಮತ್ತು ಚದುರುವಿಕೆ. ಹೀರಿಕೆಯಿಂದ ತಪ್ಪಿಸಿಕೊಳ್ಳಲು ಸುಮಾರು 650ರಿಂದ 900 ನ್ಯಾನೊಮೀಟರ್ ತರಂಗಾಂತರದ ಕಿಟಕಿಯೊಂದಿದೆ. ಅದಕ್ಕಿಂತ ಗಿಡ್ಡ ತರಂಗಗಳನ್ನು ರಕ್ತವೂ ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ನೂ ತಡೆಯುತ್ತವೆ, ಅದಕ್ಕಿಂತ ಉದ್ದದವನ್ನು ನೀರು ಹೆಚ್ಚು ಹೆಚ್ಚಾಗಿ ತಡೆಯುತ್ತದೆ. ಚದುರುವಿಕೆಗೆ ಮಾತ್ರ ಅಂಥ ಸುಲಭದ ಕಿಟಕಿ ಇಲ್ಲ. ಹಾಗಾಗಿ ಆಳ ಮತ್ತು ಸ್ಪಷ್ಟತೆಯ ನಡುವೆ ಚೌಕಾಸಿ ತಪ್ಪಿದ್ದಲ್ಲ. ಕಾನ್‌ಫೋಕಲ್ ಸೂಕ್ಷ್ಮದರ್ಶಕ ಒಂದೊಂದು ಕೋಶವನ್ನೂ ಬಿಡಿಸಿ ತೋರಿಸುತ್ತದೆ, ಆದರೆ ಮಿಲಿಮೀಟರಿನ ಐದನೇ ಒಂದು ಭಾಗ ಇಳಿಯುವಷ್ಟರಲ್ಲಿ ಅದರ ಕಣ್ಣು ಮಂಜಾಗುತ್ತದೆ. 1991ರಲ್ಲಿ ಎಂಐಟಿಯ ತಂಡ ಜಗತ್ತಿಗೆ ಪರಿಚಯಿಸಿದ ಓಸಿಟಿ, ಅಂದರೆ ಬೆಳಕಿನ ಪ್ರತಿಧ್ವನಿಯನ್ನು ಅಳೆದು ಪದರಗಳ ಅಡ್ಡಕೊಯ್ತ ತೋರಿಸುವ ತಂತ್ರ, 1ರಿಂದ 2 ಮಿಲಿಮೀಟರ್ ಇಳಿಯುತ್ತದೆ. ಆದರೆ ಸಾಮಾನ್ಯವಾಗಿ ಅದು ಕಾಣುವುದು ಪದರಗಳನ್ನು, ಒಂಟಿ ಕೋಶಗಳನ್ನಲ್ಲ. ಬೆಳಕು ಕೊಟ್ಟು ಶಬ್ದ ಕೇಳುವ ಫೋಟೊಅಕೌಸ್ಟಿಕ್ ವಿಧಾನ ಕೆಲವು ಸೆಂಟಿಮೀಟರ್ ಆಳಕ್ಕೆ ಹೋಗಬಲ್ಲದು. ಅಲ್ಲಿ ಕಾಣುವುದು ಮುಖ್ಯವಾಗಿ ರಕ್ತನಾಳಗಳ ಜಾಲ ಮತ್ತು ರಕ್ತದಲ್ಲಿನ ಆಮ್ಲಜನಕದ ಮಟ್ಟ.

ಆದ್ದರಿಂದ ‘ಬೆಳಕಿನಿಂದ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಕೋಶ ಪತ್ತೆ’ ಎಂದು ಎಲ್ಲಾದರೂ ಓದಿದರೆ, ಒಂದೋ ಎಂಡೋಸ್ಕೋಪ್ ಅಥವಾ ಸೂಜಿಯ ಮೂಲಕ ಬೆಳಕನ್ನು ಅಲ್ಲಿಗೇ ಒಯ್ದಿರುತ್ತಾರೆ, ಇಲ್ಲವೇ ಅಲ್ಲಿನ ಕೋಶಗಳನ್ನು ಹೊರತೆಗೆದು ಗಾಜಿನ ಮೇಲಿಟ್ಟಿರುತ್ತಾರೆ. ಹೊಟ್ಟೆಯ ಮೇಲೆ ದೀಪ ಹಿಡಿದು ಒಳಗಿನ ಕೋಶ ನೋಡುವ ತಂತ್ರ ಇಲ್ಲ. ಸ್ತನದ ಮೂಲಕ ಬೆಳಕು ಹಾಯಿಸಿ ಗಡ್ಡೆ ಹುಡುಕುವ ಪ್ರಯತ್ನವನ್ನು 1929ರಲ್ಲೇ ಮ್ಯಾಕ್ಸ್ ಕಟ್ಲರ್ ಎಂಬ ಶಸ್ತ್ರವೈದ್ಯರು ದಾಖಲಿಸಿದ್ದರು. ಆ ಕನಸು ಮತ್ತೆ ಮತ್ತೆ ಮರಳಿದರೂ ಮ್ಯಾಮೊಗ್ರಫಿಯ, ಅಂದರೆ ಸ್ತನದ ಎಕ್ಸ್‌-ರೇ ಪರೀಕ್ಷೆಯ, ಜಾಗ ಹಿಡಿಯಲಾಗಲಿಲ್ಲ. ಚದುರುವಿಕೆಯೇ ಅಡ್ಡ ಬಂತು.

ಅದೃಷ್ಟವಶಾತ್ ಹೆಚ್ಚಿನ ಕ್ಯಾನ್ಸರ್‌ಗಳು ಹುಟ್ಟುವುದು ಮೇಲ್ಪದರದಲ್ಲಿ

ಇಷ್ಟೆಲ್ಲ ಮಿತಿಯಿದ್ದರೂ ಈ ಕ್ಷೇತ್ರ ಬದುಕಿರುವುದಕ್ಕೆ ಬಲವಾದ ಕಾರಣವಿದೆ. ಮನುಷ್ಯರಲ್ಲಿ ಕಾಣುವ ಬಹುಪಾಲು ಕ್ಯಾನ್ಸರ್‌ಗಳು ಕಾರ್ಸಿನೋಮಾಗಳು, ಅಂದರೆ ಹೊದಿಕೆ ಪದರಗಳಲ್ಲಿ ಹುಟ್ಟುವಂಥವು. ಬಾಯಿ, ಅನ್ನನಾಳ, ದೊಡ್ಡ ಕರುಳು, ಮೂತ್ರಕೋಶ, ಗರ್ಭಕೊರಳು, ಶ್ವಾಸನಾಳ, ಚರ್ಮ ಇವೆಲ್ಲಕ್ಕೂ ಅಂಥ ಹೊದಿಕೆಯಿದೆ. ಬಾಯಿ ಮತ್ತು ಗರ್ಭಕೊರಳಿನಲ್ಲಿ ಅದರ ದಪ್ಪ ಮಿಲಿಮೀಟರಿನ ಒಂದು ಭಾಗ ಮಾತ್ರ. ರೋಗ ಈ ಹೊದಿಕೆಯ ತಳಪೊರೆಯನ್ನು ಭೇದಿಸಿ ಕೆಳಗಿಳಿಯುವ ಮುನ್ನ, ಬೆಳಕು ತಲುಪುವ ದೂರದಲ್ಲೇ ಇರುತ್ತದೆ. ಬೆಳಕಿನ ಆಳದ ಮಿತಿಯೂ ರೋಗದ ಆರಂಭದ ಹಂತವೂ ಇಲ್ಲಿ ಹೊಂದಿಕೊಂಡುಬಿಟ್ಟಿವೆ.

‘ಬೇಗ’ ಎಂದರೆ ಎಷ್ಟು ಬೇಗ ಎಂಬುದಕ್ಕೂ ಒಂದು ಲೆಕ್ಕವಿದೆ. ಒಂದು ಕೋಶ ಎರಡಾಗಿ, ಎರಡು ನಾಲ್ಕಾಗಿ ಹೀಗೆ 20 ಬಾರಿ ದ್ವಿಗುಣವಾದರೆ ಸುಮಾರು 10 ಲಕ್ಷ ಕೋಶಗಳಾಗುತ್ತವೆ. ಅದು ಹೆಚ್ಚುಕಡಿಮೆ 1 ಮಿಲಿಮೀಟರ್ ಗಾತ್ರದ ಚುಕ್ಕೆ. ಇನ್ನೂ 10 ಬಾರಿ ದ್ವಿಗುಣವಾದರೆ 100 ಕೋಟಿ ಕೋಶ, 1 ಸೆಂಟಿಮೀಟರ್ ಗಡ್ಡೆ. ಅಂದರೆ ಸ್ಕ್ಯಾನ್‌ಗಳಲ್ಲಿ ಸಲೀಸಾಗಿ ಕಾಣುವ 1 ಸೆಂಟಿಮೀಟರ್ ತಲುಪುವ ದಾರಿಯಲ್ಲಿ ಮೂರನೇ ಎರಡು ಭಾಗ, 1 ಮಿಲಿಮೀಟರ್ ಆಗುವಷ್ಟರಲ್ಲೇ ಮುಗಿದಿರುತ್ತದೆ. ಬೆಳಕಿನ ವಿಧಾನಗಳು ಕಣ್ಣಿಟ್ಟಿರುವುದು ಈ ಮೊದಲ ಭಾಗದ ಮೇಲೆ.

ಕೋಶ ಕೆಟ್ಟಾಗ ಬೆಳಕಿಗೆ ತಿಳಿಯುವುದೇನು

ಕ್ಯಾನ್ಸರ್ ಕೋಶಕ್ಕೆ ತನ್ನದೇ ಆದ ಬಣ್ಣವಿಲ್ಲ. ಅದು ತಂದೊಡ್ಡುವ ಬದಲಾವಣೆಗಳಿಗೆ ಬೆಳಕು ಸ್ಪಂದಿಸುತ್ತದೆ, ಸಾಧನ ಆ ಸ್ಪಂದನೆಯನ್ನು ಅಳೆಯುತ್ತದೆ.

ಮೊದಲನೆಯದು ಆಕಾರ. ಕೋಶಕೇಂದ್ರ ಹಿಗ್ಗುತ್ತದೆ, ಅದರೊಳಗಿನ ವರ್ಣತಂತುಗಳ ರಾಶಿ ಒತ್ತೊತ್ತಾಗುತ್ತದೆ, ಕೋಶಗಳ ಸಾಲು ಕೆಡುತ್ತದೆ. ಇದರಿಂದ ಬೆಳಕು ಚದುರುವ ರೀತಿ ಬದಲಾಗುತ್ತದೆ. ಗರ್ಭಕೊರಳಿನ ತಪಾಸಣೆಯಲ್ಲಿ ಶೇ 3ರಿಂದ 5ರ ಅಸೆಟಿಕ್ ಆಮ್ಲ ಹಚ್ಚಿ ಒಂದು ನಿಮಿಷ ಕಾಯುವುದು ಈ ಬದಲಾವಣೆಯನ್ನು ಬರಿಗಣ್ಣಿಗೇ ಕಾಣಿಸಲು. ಕೋಶಕೇಂದ್ರಗಳು ಒತ್ತಾಗಿರುವ ಕಡೆ ಆಮ್ಲ ತಾಗಿ ಪ್ರೋಟೀನ್ ಗಟ್ಟಿಯಾಗಿ, ಬೆಳಕು ಹೆಚ್ಚು ಚದುರಿ, ಆ ಜಾಗ ಬೆಳ್ಳಗಾಗುತ್ತದೆ. ಉರಿಯೂತವಿದ್ದರೂ, ಸಹಜವಾಗಿ ಹೊಸದಾಗುತ್ತಿರುವ ಪದರವಿದ್ದರೂ ಬೆಳ್ಳಗಾಗಬಹುದು. ಮುಟ್ಟು ನಿಂತ ಮಹಿಳೆಯರಲ್ಲಿ ರೋಗ ಹುಟ್ಟುವ ವಲಯ ಕಾಲುವೆಯ ಒಳಕ್ಕೆ ಸರಿಯುವುದರಿಂದ ಈ ಪರೀಕ್ಷೆಯ ಕೈಗೆ ಅದು ಸಿಗದೇ ಹೋಗುತ್ತದೆ.

ಎರಡನೆಯದು ರಕ್ತ. ಬೆಳೆಯುವ ರೋಗ ಹೊಸ ರಕ್ತನಾಳಗಳನ್ನು ಎಳೆದುಕೊಳ್ಳುತ್ತದೆ. ಎಂಡೋಸ್ಕೋಪಿಯಲ್ಲಿ ಬಳಸುವ ಎನ್‌ಬಿಐ ತಂತ್ರ ಬಿಳಿ ಬೆಳಕನ್ನು ಬಿಟ್ಟು 415 ಮತ್ತು 540 ನ್ಯಾನೊಮೀಟರಿನ ಎರಡು ಕಿರಿದಾದ ಪಟ್ಟಿಗಳನ್ನು ಮಾತ್ರ ಹಾಯಿಸುತ್ತದೆ. ಹಿಮೋಗ್ಲೋಬಿನ್ ಇವೆರಡನ್ನೂ ಚೆನ್ನಾಗಿ ಹೀರುವುದರಿಂದ ಮೇಲ್ಪದರದ ಲೋಮನಾಳಗಳು ಕಂದು ಗೆರೆಗಳಾಗಿ ಎದ್ದು ಕಾಣುತ್ತವೆ. ಯಾವ ಬಣ್ಣದ ಮದ್ದೂ ಬೇಡ, ಗುಂಡಿ ಒತ್ತಿದರೆ ಸಾಕು. ಈ ಕ್ಷೇತ್ರದ ಹೊಸತನಗಳಲ್ಲಿ ನಿತ್ಯದ ಚಿಕಿತ್ಸೆಗೆ ಇಷ್ಟು ಸಲೀಸಾಗಿ ಬೆರೆತುಹೋದದ್ದು ಬೇರೊಂದು ಸಿಗುವುದು ಕಷ್ಟ.

ಮೂರನೆಯದು ಕೋಶದ ಇಂಧನ ಬಳಕೆ. ಕ್ಯಾನ್ಸರ್ ಕೋಶಗಳು ಆಮ್ಲಜನಕ ಇದ್ದಾಗಲೂ ಸಕ್ಕರೆಯನ್ನು ಹುದುಗಿಸುವ ಹಾದಿ ಹಿಡಿಯುತ್ತವೆ ಎಂದು ಒಟ್ಟೊ ವಾರ್‌ಬರ್ಗ್ 1920ರ ದಶಕದಲ್ಲಿ ತೋರಿಸಿದರು. ಈ ಕ್ರಿಯೆಗಳಲ್ಲಿ ಪಾಲ್ಗೊಳ್ಳುವ ಎನ್‌ಎಡಿಎಚ್ ಮತ್ತು ಎಫ್‌ಎಡಿ ಎಂಬ ಅಣುಗಳು ತಾವಾಗಿಯೇ ಪ್ರತಿದೀಪ್ತಿ ಸೂಸುತ್ತವೆ: ಮೊದಲನೆಯದು 340 ನ್ಯಾನೊಮೀಟರಿನ ಬೆಳಕು ಹೀರಿ 450ರ ಆಸುಪಾಸಿನಲ್ಲಿ, ಎರಡನೆಯದು 450 ಹೀರಿ 530ರ ಆಸುಪಾಸಿನಲ್ಲಿ. ಎರಡರ ಪ್ರಮಾಣ ಹೋಲಿಸಿದರೆ ಕೋಶದ ಒಳಗಿನ ವ್ಯವಹಾರದ ಸುಳಿವು ಸಿಗುತ್ತದೆ.

ಬಾಯಿಯ ತಪಾಸಣೆಗೆ ಬಳಸುವ ನೀಲಿ ದೀಪದ ಸಾಧನಗಳೂ ಈ ಸಹಜ ಪ್ರತಿದೀಪ್ತಿಯನ್ನೇ ನಂಬಿವೆ. 400ರಿಂದ 460 ನ್ಯಾನೊಮೀಟರಿನ ಬೆಳಕಿನಲ್ಲಿ ಆರೋಗ್ಯವಂತ ಒಳಚರ್ಮ ತಿಳಿಹಸಿರಾಗಿ ಬೆಳಗುತ್ತದೆ. ಕೆಟ್ಟ ಭಾಗ ಕಪ್ಪಾಗಿ ಕಾಣುತ್ತದೆ. ಪದರ ದಪ್ಪವಾಗಿ ಬೆಳಕು ಕೆಳಗಿಳಿಯದಿರುವುದು, ಕೆಳಗಿನ ಕೊಲಾಜನ್ ನಾರುಗಳು ಸಡಿಲಗೊಂಡಿರುವುದು, ರಕ್ತ ಹೆಚ್ಚಾಗಿ ಬೆಳಕನ್ನು ಹೀರುವುದು ಮೂರೂ ಸೇರಿ ಆದ ಕಪ್ಪು ಅದು. ತೊಡಕು ಇರುವುದು ಮೂರನೆಯದರಲ್ಲಿ. ಚೂಪಾದ ಹಲ್ಲು ಉಜ್ಜಿ ಆದ ಹುಣ್ಣಿನಲ್ಲೂ ರಕ್ತ ಹೆಚ್ಚಿರುತ್ತದೆ, ಅದೂ ಕಪ್ಪಾಗಿಯೇ ಕಾಣುತ್ತದೆ. ಹಾಗಾಗಿ ಅನುಭವಿಗಳು ಆ ಜಾಗವನ್ನು ಮೆಲ್ಲಗೆ ಒತ್ತಿ ನೋಡುತ್ತಾರೆ: ಒತ್ತಿದಾಗ ರಕ್ತ ಸರಿದು ಹಸಿರು ಮರಳಿದರೆ ಉರಿಯೂತದ ಸಾಧ್ಯತೆ ಹೆಚ್ಚು. ಉಜ್ಜುವ ಹಲ್ಲನ್ನು ಸರಿಪಡಿಸಿ, ಎರಡು ವಾರ ಬಿಟ್ಟು ಮತ್ತೆ ನೋಡುತ್ತಾರೆ. ಆಗಲೂ ಉಳಿದಿದ್ದರೆ ತುಣುಕು ತೆಗೆದು ಬಯಾಪ್ಸಿಗೆ ಕಳಿಸಲೇಬೇಕು. ಈ ಎರಡು ಹೆಜ್ಜೆ ತಪ್ಪಿಸಿ ದೀಪವನ್ನಷ್ಟೇ ನಂಬಿದರೆ ಅನಗತ್ಯ ಬಯಾಪ್ಸಿಗಳ ಸಾಲು ಬೆಳೆಯುತ್ತದೆ.

ನಾಲ್ಕನೆಯದು ರಾಮನ್ ಚದುರುವಿಕೆ. 1928ರಲ್ಲಿ ಸಿ.ವಿ. ರಾಮನ್ ಕಂಡುಹಿಡಿದ ಪರಿಣಾಮವೇ ಇಲ್ಲಿ ಅಣುಗಳ ಬೆರಳಚ್ಚು ಓದುತ್ತದೆ. ಯಾವ ಪ್ರೋಟೀನ್, ಯಾವ ಕೊಬ್ಬು, ಎಷ್ಟು ಡಿಎನ್‌ಎ ಎಂಬುದನ್ನು ಬಣ್ಣ ಹಚ್ಚದೆಯೇ ಹೇಳುತ್ತದೆ. ಮಾಹಿತಿಯ ಸಿರಿ ದೊಡ್ಡದು, ಸದ್ದು ಮಾತ್ರ ತೀರಾ ಕ್ಷೀಣ. ಚದುರುವ ಬೆಳಕಿನ ಕಣಗಳಲ್ಲಿ ಹೆಚ್ಚುಕಡಿಮೆ ಕೋಟಿಗೆ ಒಂದು ಮಾತ್ರ ಈ ಬಗೆಯದು. ಅಂಗಾಂಶದ ಸ್ವಂತ ಪ್ರತಿದೀಪ್ತಿ ಅದನ್ನು ಮುಳುಗಿಸಿಬಿಡುತ್ತದೆ; ಬೆಳಕು ಒಯ್ಯುವ ಗಾಜಿನ ತಂತು ತನ್ನದೇ ರಾಮನ್ ಸಂಕೇತ ಸೇರಿಸುತ್ತದೆ; ಕೋಣೆಯ ದೀಪ ಉರಿಯುತ್ತಿದ್ದರೂ ಓದು ಕೆಡುತ್ತದೆ. 785 ನ್ಯಾನೊಮೀಟರಿನಂಥ ಉದ್ದ ತರಂಗದ ಲೇಸರ್ ಬಳಸಿ, ತಂತುವಿನ ತುದಿಗೆ ಸೂಕ್ಷ್ಮ ಶೋಧಕಗಳನ್ನು ಅಂಟಿಸಿ, ದೀಪಗಳನ್ನು ಆರಿಸಿ ಇದನ್ನು ನಿಭಾಯಿಸುತ್ತಾರೆ. ಪ್ರಯೋಗಾಲಯದಲ್ಲಿ ಬೆರಗು ಹುಟ್ಟಿಸುವ ಫಲಿತಾಂಶ ರೋಗಿಯ ಹಾಸಿಗೆಯ ಪಕ್ಕ ಬರುವಾಗ ಸೊರಗುವುದು ಇಂಥ ಸಣ್ಣ ಸಣ್ಣ ಕಾರಣಗಳಿಂದಲೇ.

ಮೂತ್ರಕೋಶದಲ್ಲಿ ಹಚ್ಚಿದ ಕೆಂಪು ದೀಪ

ಬೆಳಕಿನ ತಂತ್ರ ಎಲ್ಲಿ ನಿಜಕ್ಕೂ ಕೈಹಿಡಿದಿದೆ ಎಂದು ನೋಡಲು ಮೂತ್ರಕೋಶ ಒಳ್ಳೆಯ ಜಾಗ. ಅಲ್ಲಿ ಚಪ್ಪಟೆಯಾಗಿ ಹರಡುವ ‘ಕಾರ್ಸಿನೋಮಾ ಇನ್ ಸೈಟು’ ಎಂಬ ಆರಂಭಿಕ ರೂಪವಿದೆ. ಉಬ್ಬು ಇಲ್ಲ, ಗಡ್ಡೆ ಇಲ್ಲ. ಮೂತ್ರಕೋಶದೊಳಗೆ ಕೊಳವೆ ಇಳಿಸಿ ಬಿಳಿ ಬೆಳಕಿನಲ್ಲಿ ನೋಡುವ ಸಿಸ್ಟೋಸ್ಕೋಪಿಗೆ ಅದು ಮಾಮೂಲಿ ಕೆಂಪು ಕಲೆಯಂತೆ ಕಂಡೀತು, ಕಾಣದೆಯೂ ಹೋದೀತು.

2010ರಲ್ಲಿ ಎಫ್‌ಡಿಎ ಅನುಮತಿ ಪಡೆದ ವಿಧಾನ ಹೀಗಿದೆ. ಹೆಕ್ಸಾಮಿನೊಲೆವುಲಿನೇಟ್ ಎಂಬ ಮದ್ದಿನ 50 ಮಿಲಿಲೀಟರ್ ದ್ರಾವಣವನ್ನು ಕ್ಯಾತಿಟರ್ ಮೂಲಕ ಖಾಲಿ ಮೂತ್ರಕೋಶಕ್ಕೆ ಹಾಕುತ್ತಾರೆ. ರೋಗಿ ಸುಮಾರು ಒಂದು ಗಂಟೆ ಅದನ್ನು ಹಿಡಿದಿಟ್ಟುಕೊಳ್ಳಬೇಕು. ಕೋಶಗಳು ಆ ಮದ್ದನ್ನು ಹೀರಿ ರಕ್ತದ ಹೀಮ್ ತಯಾರಿಸುವ ಸರಪಳಿಗೆ ಸೇರಿಸಿಕೊಳ್ಳುತ್ತವೆ. ಕ್ಯಾನ್ಸರ್ ಕೋಶಗಳಲ್ಲಿ ಈ ಸರಪಳಿ ಕೊನೆಯ ಹೆಜ್ಜೆಗೆ ಬಂದು ತಡವರಿಸುವುದರಿಂದ ಪ್ರೋಟೊಪಾರ್ಫಿರಿನ್ ಎಂಬ ನಡುವಿನ ವಸ್ತು ಅಲ್ಲೇ ರಾಶಿಯಾಗುತ್ತದೆ. ನೀಲಿ ಬೆಳಕು ಬಿದ್ದರೆ ಅದು 635 ನ್ಯಾನೊಮೀಟರಿನ ಗಾಢ ಕೆಂಪಿನಲ್ಲಿ ಹೊಳೆಯುತ್ತದೆ. ನೀಲಿ ಹಿನ್ನೆಲೆಯಲ್ಲಿ ಕೆಂಡದ ಚುಕ್ಕೆಯಂತೆ ಕಾಣುವ ಆ ಜಾಗವನ್ನು ವೈದ್ಯರು ಅಲ್ಲೇ ಕತ್ತರಿಸಿ ತೆಗೆಯಬಹುದು.

ಇಲ್ಲೂ ಎಡವಲು ಹಲವು ಕಡೆ ಇವೆ. ಮೂತ್ರಕೋಶದ ಗೋಡೆಯನ್ನು ಓರೆಯಾಗಿ ನೋಡಿದರೆ ಆರೋಗ್ಯವಂತ ಭಾಗವೂ ಗುಲಾಬಿಯಾಗಿ ಕಾಣುತ್ತದೆ, ಹಾಗಾಗಿ ಸ್ಕೋಪನ್ನು ಗೋಡೆಗೆ ನೇರವಾಗಿ ಹಿಡಿಯಬೇಕು. ನೀಲಿ ಬೆಳಕು ತುಂಬ ಹೊತ್ತು ಬಿದ್ದರೆ ಹೊಳಪು ಮಾಸುತ್ತದೆ. ಮೊದಲು ಬಿಳಿ ಬೆಳಕಿನಲ್ಲಿ ಪೂರ್ತಿ ನೋಡಿ, ಆಮೇಲೆ ನೀಲಿಗೆ ಬದಲಿಸುವ ಕ್ರಮ ಅದಕ್ಕೇ. ಸೋಂಕು ಇದ್ದರೆ, ಅಥವಾ ಹಿಂದಿನ ಮೂರು ತಿಂಗಳಲ್ಲಿ ಮೂತ್ರಕೋಶದೊಳಗೆ ಬಿಸಿಜಿ ಹಾಕುವ ಕ್ಯಾನ್ಸರ್ ಚಿಕಿತ್ಸೆ ಆಗಿದ್ದರೆ, ಉರಿಯೂತದ ಕೋಶಗಳೂ ಕೆಂಪಾಗಿ ಹೊಳೆದು ದಾರಿ ತಪ್ಪಿಸುತ್ತವೆ. ರಕ್ತ ಸೋರಿದ್ದರೆ ಅದು ನೀಲಿ ಬೆಳಕನ್ನೇ ಕುಡಿದುಬಿಡುತ್ತದೆ, ತೊಳೆಯದೆ ನೋಡುವಂತಿಲ್ಲ. ಬಿಳಿ ಬೆಳಕಿನ ಪರೀಕ್ಷೆಯ ಜೊತೆಗೆ ಇದನ್ನು ಬಳಸುತ್ತಾರೆಯೇ ಹೊರತು ಅದರ ಬದಲಿಗೆ ಅಲ್ಲ.

ರಕ್ತದ ಕೋಶಗಳ ಸುದ್ದಿ

‘ಒಂದು ಹನಿ ರಕ್ತದಲ್ಲಿ ಕ್ಯಾನ್ಸರ್ ಕೋಶ ಹುಡುಕುವ ಕ್ಯಾಮೆರಾ’ ಎಂಬ ಬಗೆಯ ಸುದ್ದಿಗೆ ಬೇರೆಯೇ ಲೆಕ್ಕ. ಗಡ್ಡೆಯಿಂದ ಕಳಚಿ ರಕ್ತಕ್ಕೆ ಬಿದ್ದ ಕೋಶಗಳು ಇರುವುದು ನಿಜ. ಹರಡಿದ ಕ್ಯಾನ್ಸರಿನಲ್ಲೂ ಅವು ಮಿಲಿಲೀಟರಿಗೆ ಬೆರಳೆಣಿಕೆಯಷ್ಟು. ಅದೇ ಮಿಲಿಲೀಟರಿನಲ್ಲಿ ಕೆಂಪು ರಕ್ತಕಣಗಳು ಸುಮಾರು 500 ಕೋಟಿ, ಬಿಳಿ ರಕ್ತಕಣಗಳು ಲಕ್ಷಾಂತರ. 2004ರಲ್ಲಿ ಅನುಮತಿ ಪಡೆದ ಸೆಲ್‌ಸರ್ಚ್ ವ್ಯವಸ್ಥೆ 7.5 ಮಿಲಿಲೀಟರ್ ರಕ್ತ ತೆಗೆದುಕೊಂಡು, ಕಾಂತೀಯ ಕಣಗಳಿಂದ ಶಂಕಿತ ಕೋಶಗಳನ್ನು ಸೆಳೆದು, ಪ್ರತಿದೀಪ್ತಿ ಬಣ್ಣ ಹಚ್ಚಿ ಚಿತ್ರ ತೆಗೆಯುತ್ತದೆ. ಹರಡಿದ ಸ್ತನ ಕ್ಯಾನ್ಸರಿನಲ್ಲಿ 5 ಅಥವಾ ಹೆಚ್ಚು ಕೋಶ ಸಿಕ್ಕರೆ ರೋಗದ ಗತಿ ಕಠಿಣವೆಂದು ಅರ್ಥ.

ಗಮನಿಸಬೇಕಾದ್ದು: ಆ ಅನುಮತಿ, ಕ್ಯಾನ್ಸರ್ ಇದೆಯೆಂದು ಈಗಾಗಲೇ ಗೊತ್ತಿರುವವರಲ್ಲಿ ಮುಂದಿನ ಗತಿ ಅಂದಾಜಿಸಲು. ಆರಂಭದ ಹಂತದಲ್ಲಿ ಇಂಥ ಕೋಶ ಎಷ್ಟು ವಿರಳವೆಂದರೆ, 7.5 ಮಿಲಿಲೀಟರಿನಲ್ಲಿ ಒಂದೂ ಇಲ್ಲದಿರಬಹುದು. ಇಲ್ಲದ ಕೋಶವನ್ನು ಎಷ್ಟೇ ಒಳ್ಳೆಯ ಕ್ಯಾಮೆರಾ ತೋರಿಸದು. ಪ್ರಯೋಗಾಲಯದಲ್ಲಿ ಬೆಳೆಸಿದ ಕ್ಯಾನ್ಸರ್ ಕೋಶಗಳನ್ನು ಆರೋಗ್ಯವಂತರ ರಕ್ತಕ್ಕೆ ಬೆರೆಸಿ, ಮತ್ತೆ ಹುಡುಕಿ, ಅದರ ಯಶಸ್ಸನ್ನು ಪ್ರಕಟಿಸುವುದು ಈ ಕ್ಷೇತ್ರದಲ್ಲಿ ರೂಢಿ. ಅದು ಯಂತ್ರದ ಪರೀಕ್ಷೆ. ರೋಗಿಯ ಪರೀಕ್ಷೆ ಆಗಬೇಕಾದದ್ದು ಆಮೇಲೆ.

ಶೇಕಡಾವಾರಿನ ಒಳಗೆ ಏನಿದೆ

ಈಗ ಆರಂಭದ ಎರಡು ಸಂಖ್ಯೆಗಳಿಗೆ ಮರಳೋಣ. ಡರ್ಮಾಸೆನ್ಸರ್ ಅಧ್ಯಯನದಲ್ಲಿ 1,005 ಜನರ 1,579 ಮಚ್ಚೆಗಳಿದ್ದವು, ಅವುಗಳಲ್ಲಿ 224 ಕ್ಯಾನ್ಸರ್. ಸಾಧನ 214ನ್ನು ಹಿಡಿಯಿತು, 10ನ್ನು ಬಿಟ್ಟಿತು. ಉಳಿದ 1,355 ಮಚ್ಚೆಗಳಲ್ಲಿ ಸುಮಾರು 280ನ್ನು ನಿರಪಾಯವೆಂದು ಬಿಟ್ಟು, 1,075ರ ಸುಮಾರಿಗೆ ಎಚ್ಚರಿಕೆ ಕೊಟ್ಟಿತು. ಎಚ್ಚರಿಕೆ ಬಂದ ಪ್ರತಿ ಆರರಲ್ಲಿ ಒಂದು ನಿಜವಾದ ಕ್ಯಾನ್ಸರ್. ‘ಗಮನಿಸುತ್ತಿರಿ’ ಎಂದು ಬಂದರೆ ಮಾತ್ರ ಶೇ 97ರಷ್ಟು ನೆಮ್ಮದಿ. ತಪ್ಪಿಸಿಕೊಳ್ಳುವ ರೋಗಿಗಳನ್ನು ಕಡಿಮೆ ಮಾಡಲೆಂದೇ ತಕ್ಕಡಿಯನ್ನು ಹೀಗೆ ವಾಲಿಸಿದ್ದಾರೆ. ಅದರ ಬೆಲೆಯನ್ನು ಕ್ಯಾನ್ಸರ್ ಇಲ್ಲದವರು ಆತಂಕದಲ್ಲೂ ಬಯಾಪ್ಸಿಯಲ್ಲೂ ತೆರುತ್ತಾರೆ.

ಇಲ್ಲಿನ ಮಚ್ಚೆಗಳು ವೈದ್ಯರಿಗೆ ಮೊದಲೇ ಅನುಮಾನ ಮೂಡಿಸಿದಂಥವು, ಆದ್ದರಿಂದಲೇ ನೂರಕ್ಕೆ ಹದಿನಾಲ್ಕು ಕ್ಯಾನ್ಸರ್. ಯಾವ ಲಕ್ಷಣವೂ ಇಲ್ಲದ ಜನರ ಮೇಲೆ ಇಂಥ ಪರೀಕ್ಷೆ ನಡೆಸಿದರೆ ಚಿತ್ರ ಬದಲಾಗುತ್ತದೆ. ಇದಕ್ಕಿಂತ ಬಹಳ ಉತ್ತಮವಾದ ಒಂದು ಪರೀಕ್ಷೆ ಇದೆ ಎಂದುಕೊಳ್ಳಿ: ರೋಗವಿದ್ದವರಲ್ಲಿ ಶೇ 96 ಜನರನ್ನು ಹಿಡಿಯುತ್ತದೆ, ಇಲ್ಲದವರಲ್ಲಿ ಶೇ 90 ಜನರನ್ನು ಸರಿಯಾಗಿ ಬಿಡುತ್ತದೆ. 10,000 ಜನರಲ್ಲಿ 50 ಮಂದಿಗೆ ರೋಗವಿದ್ದರೆ 48 ಮಂದಿ ಸಿಗುತ್ತಾರೆ. ರೋಗವಿಲ್ಲದ 9,950 ಮಂದಿಯಲ್ಲಿ 995 ಜನರಿಗೆ ಸುಳ್ಳು ಎಚ್ಚರಿಕೆ ಬರುತ್ತದೆ. ಎಚ್ಚರಿಕೆ ಬಂದ ನೂರು ಜನರಲ್ಲಿ ನಿಜಕ್ಕೂ ರೋಗವಿರುವವರು ಐದಕ್ಕೂ ಕಡಿಮೆ. ಸಾಧನ ಕೆಟ್ಟದ್ದೆಂದು ಹೀಗಾಗಲಿಲ್ಲ. ರೋಗ ವಿರಳವಾದ್ದರಿಂದ ಹೀಗಾಯಿತು.

‘ಶೇ 99 ನಿಖರ’ ಎಂಬ ಸುದ್ದಿಗಳಲ್ಲಿ ಇನ್ನೂ ಕೆಲವು ಬಿರುಕುಗಳು ಅಡಗಿರುತ್ತವೆ. ಮುಂದುವರಿದ ಕ್ಯಾನ್ಸರನ್ನೂ ಪೂರ್ತಿ ಆರೋಗ್ಯವಂತ ಅಂಗಾಂಶವನ್ನೂ ಅಕ್ಕಪಕ್ಕ ಇಟ್ಟು ಹೋಲಿಸಿದರೆ ಯಾವ ವಿಧಾನವೂ ಗೆಲ್ಲುತ್ತದೆ. ಕಷ್ಟವಿರುವುದು ಉರಿಯೂತ ಮತ್ತು ಆರಂಭಿಕ ಕ್ಯಾನ್ಸರನ್ನು ಬೇರ್ಪಡಿಸುವಲ್ಲಿ. ಒಬ್ಬನೇ ರೋಗಿಯ ನೂರು ಚಿತ್ರಗಳಲ್ಲಿ ಎಂಬತ್ತನ್ನು ತರಬೇತಿಗೂ ಇಪ್ಪತ್ತನ್ನು ಪರೀಕ್ಷೆಗೂ ಹಂಚಿದರೆ ಸಾಫ್ಟ್‌ವೇರ್ ರೋಗವನ್ನು ಬಿಟ್ಟು ರೋಗಿಯನ್ನೇ ಗುರುತು ಹಿಡಿಯುತ್ತದೆ. ರೋಗಿಗಳನ್ನೇ ಎರಡು ಗುಂಪಾಗಿ ಬೇರ್ಪಡಿಸಬೇಕು. ಚರ್ಮದ ಚಿತ್ರಗಳಲ್ಲಿ ಶಸ್ತ್ರವೈದ್ಯರು ಹಾಕಿದ ಶಾಯಿಯ ಗುರುತು ಇದ್ದರೆ ನಿರಪಾಯ ಮಚ್ಚೆಯನ್ನೂ ಸಾಫ್ಟ್‌ವೇರ್ ಮೆಲನೋಮಾ (ಚರ್ಮದ ಅಪಾಯಕಾರಿ ಕ್ಯಾನ್ಸರ್) ಎಂದು ಕರೆದದ್ದನ್ನು 2019ರ ಅಧ್ಯಯನವೊಂದು ತೋರಿಸಿತು. ಅನುಮಾನ ಬಂದ ಮಚ್ಚೆಗೇ ವೈದ್ಯರು ಶಾಯಿ ಹಚ್ಚುತ್ತಾರೆ ಎಂಬುದನ್ನು ಅದು ಚಿತ್ರಗಳಿಂದಲೇ ಕಲಿತುಬಿಟ್ಟಿತ್ತು.

ಇನ್ನು ಚರ್ಮದ ಬಣ್ಣ. ಮೆಲನಿನ್ ಗಿಡ್ಡ ತರಂಗಗಳನ್ನು ಬಲವಾಗಿ ಹೀರುವುದರಿಂದ ಕಪ್ಪು ಚರ್ಮದಿಂದ ಮರಳುವ ಸಂಕೇತ ಬೇರೆಯೇ ಆಗಿರುತ್ತದೆ. ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರ್ ಕೂಡ ಬೆಳಕಿನ ಸಾಧನವೇ. ಬಿಳಿಯರಿಗೆ ಹೋಲಿಸಿದರೆ ಕಪ್ಪು ವರ್ಣೀಯ ರೋಗಿಗಳಲ್ಲಿ ಆಮ್ಲಜನಕದ ಕೊರತೆಯನ್ನು ಅದು ಸುಮಾರು ಮೂರು ಪಟ್ಟು ಹೆಚ್ಚು ಬಾರಿ ಮರೆಮಾಡುತ್ತಿತ್ತೆಂದು ಗೊತ್ತಾದದ್ದು 2020ರಲ್ಲಿ. ದಶಕಗಳಿಂದ ಆಸ್ಪತ್ರೆಗಳಲ್ಲಿದ್ದ ಸಾಧನದ ಕಥೆಯೇ ಹೀಗಾದರೆ, ತಿಳಿ ಚರ್ಮದವರ ಮೇಲೆ ಹೆಚ್ಚಾಗಿ ಪರೀಕ್ಷಿಸಿದ ಹೊಸ ಸಾಧನವನ್ನು ಎಲ್ಲರಿಗೂ ಸಮಾನವಾಗಿ ನಂಬುವುದು ಅನ್ಯಾಯ. ಡರ್ಮಾಸೆನ್ಸರ್‌ಗೂ, ಬೇರೆ ಬೇರೆ ಜನಸಮೂಹಗಳಲ್ಲಿ ಮತ್ತಷ್ಟು ಪರೀಕ್ಷೆ ನಡೆಸಬೇಕೆಂಬ ಷರತ್ತಿನೊಂದಿಗೇ ಅನುಮತಿ ಸಿಕ್ಕಿದ್ದು.

ಎರಡು ವಾದಗಳು

ಒಂದು ಪಕ್ಷದ ವಾದ ಸರಳ: ರೋಗ ಬೇಗ ಸಿಕ್ಕಷ್ಟೂ ಚಿಕಿತ್ಸೆ ಚಿಕ್ಕದು, ಬದುಕು ಉದ್ದ, ತಜ್ಞರು ಸಿಗದ ಕಡೆ ಬೆಳಕಿನ ಸಾಧನ ಅಷ್ಟಾದರೂ ಕೆಲಸ ಮಾಡಲಿ. ಇದಕ್ಕೆ ಬಲವಾದ ಆಧಾರವೂ ಇದೆ. ಮುಂಬೈಯಲ್ಲಿ ಸುಮಾರು ಒಂದೂವರೆ ಲಕ್ಷ ಮಹಿಳೆಯರನ್ನು ಒಳಗೊಂಡ ಪ್ರಯೋಗದಲ್ಲಿ, ಅಸೆಟಿಕ್ ಆಮ್ಲ ಹಚ್ಚಿ ಕಣ್ಣಿನಿಂದ ನೋಡುವ ತಪಾಸಣೆಯನ್ನು ತರಬೇತಿ ಪಡೆದ ಪ್ರಾಥಮಿಕ ಆರೋಗ್ಯ ಕಾರ್ಯಕರ್ತೆಯರು ನಡೆಸಿದರು. ಗರ್ಭಕೊರಳಿನ ಕ್ಯಾನ್ಸರ್ ಸಾವು ಶೇ 31 ಇಳಿಯಿತು. ಕೇರಳದ ತಿರುವನಂತಪುರದಲ್ಲಿ ಬಾಯಿಯನ್ನು ಬರಿಗಣ್ಣಿನಿಂದ ಪರೀಕ್ಷಿಸಿದ ಪ್ರಯೋಗ, ತಂಬಾಕು ಅಥವಾ ಮದ್ಯ ಸೇವಿಸುವವರಲ್ಲಿ ಬಾಯಿ ಕ್ಯಾನ್ಸರ್ ಸಾವನ್ನು ಶೇ 34 ಇಳಿಸಿದ್ದನ್ನು 2005ರಲ್ಲಿ ವರದಿ ಮಾಡಿತು. ಈ ಎರಡೂ ಪ್ರಯೋಗಗಳು ಎಣಿಸಿದ್ದು ಸಾವುಗಳನ್ನು. ಹೊಸ ಲೇಸರ್ ಸಾಧನಗಳಲ್ಲಿ ಬಹುಪಾಲು ಎಣಿಸಿರುವುದು ಸರಿಯಾಗಿ ಗುರುತಿಸಿದ ಚಿತ್ರಗಳನ್ನು. ಎರಡರ ನಡುವೆ ಬಹಳ ಅಂತರವಿದೆ.

ಇನ್ನೊಂದು ಪಕ್ಷ ತೋರಿಸುವುದು ಈ ಅಂತರವನ್ನೇ. ದಕ್ಷಿಣ ಕೊರಿಯಾದಲ್ಲಿ ಅಲ್ಟ್ರಾಸೌಂಡ್ ತಪಾಸಣೆ ವ್ಯಾಪಕವಾದ ಮೇಲೆ 2011ರಲ್ಲಿ ಪತ್ತೆಯಾದ ಥೈರಾಯ್ಡ್ ಕ್ಯಾನ್ಸರ್ ಪ್ರಮಾಣ 1993ರದಕ್ಕಿಂತ 15 ಪಟ್ಟಾಯಿತು. ಸಾವಿನ ಪ್ರಮಾಣ ಮಾತ್ರ ಇದ್ದಲ್ಲೇ ಇತ್ತು. ಜೀವಕ್ಕೆ ಎಂದೂ ಕಂಟಕವಾಗದ ಸಣ್ಣ ಗಡ್ಡೆಗಳಿಗಾಗಿ ಸಾವಿರಾರು ಜನ ಗ್ರಂಥಿಯನ್ನೇ ಕಳೆದುಕೊಂಡು, ಜೀವನವಿಡೀ ಹಾರ್ಮೋನ್ ಮಾತ್ರೆ ನುಂಗಬೇಕಾಯಿತು. ಬೆಳಕಿನ ಕಣ್ಣು ಅದಕ್ಕಿಂತಲೂ ಚಿಕ್ಕದನ್ನು ಕಾಣುತ್ತದೆ. ಗರ್ಭಕೊರಳಿನ ಸೌಮ್ಯ ಬದಲಾವಣೆಗಳಲ್ಲಿ ಬಹಳಷ್ಟು ತಾವಾಗಿಯೇ ವಾಸಿಯಾಗುತ್ತವೆ. ಅವನ್ನೆಲ್ಲ ಹಿಡಿದು ಸುಟ್ಟರೆ ಲಾಭವಿಲ್ಲ.

ಹೆಚ್ಚು ಕಂಡಷ್ಟೂ ಹೆಚ್ಚು ಬದುಕು ಎಂಬ ಲೆಕ್ಕ ನೇರವಲ್ಲ ಎನ್ನುವುದಕ್ಕೆ ಮಿದುಳಿನ ಗಡ್ಡೆಯ ಶಸ್ತ್ರಚಿಕಿತ್ಸೆಯೂ ಸಾಕ್ಷಿ. 5-ಎಎಲ್‌ಎ ಎಂಬ ಮದ್ದು ಕುಡಿಸಿ, ನೀಲಿ ಬೆಳಕಿನಲ್ಲಿ ಕೆಂಪಾಗಿ ಹೊಳೆಯುವ ಗಡ್ಡೆಯನ್ನು ಕತ್ತರಿಸಿದ ಪ್ರಯೋಗ 2006ರಲ್ಲಿ ಪ್ರಕಟವಾಯಿತು. ಎಂದಿನ ಬಿಳಿ ಬೆಳಕಿನಲ್ಲಿ ಶಸ್ತ್ರಚಿಕಿತ್ಸೆಯಾದ ಗುಂಪಿಗೆ ಹೋಲಿಸಿದರೆ, ಗಡ್ಡೆ ಪೂರ್ತಿ ತೆಗೆಯಲಾದವರು ಶೇ 36ರಿಂದ ಶೇ 65ಕ್ಕೆ ಏರಿದರು. ಆರು ತಿಂಗಳವರೆಗೆ ರೋಗ ಮುಂದುವರಿಯದವರು ಶೇ 21ರಿಂದ ಶೇ 41ಕ್ಕೆ ಏರಿದರು. ಒಟ್ಟು ಬದುಕಿನ ಅವಧಿಯಲ್ಲಿ ಮಾತ್ರ ಎರಡು ಗುಂಪುಗಳ ನಡುವೆ ಖಚಿತ ವ್ಯತ್ಯಾಸ ಸಿಗಲಿಲ್ಲ. ಈ ಮೂರನ್ನೂ ಒಟ್ಟಿಗೆ ಹೇಳಿದರೇ ಓದುಗರಿಗೆ ನ್ಯಾಯ.

ಎರಡು ವಾದಗಳೂ ತಮ್ಮ ತಮ್ಮ ಅಂಗದಲ್ಲಿ ಸರಿ. ಬಾಯಿ, ಗರ್ಭಕೊರಳು, ಮೂತ್ರಕೋಶ, ಕರುಳು ಇಲ್ಲೆಲ್ಲ ಆರಂಭದ ಹಂತವನ್ನು ತೆಗೆದರೆ ಲಾಭವೆಂದು ಬೇರೆ ದಾರಿಯಿಂದ ಮೊದಲೇ ಗೊತ್ತಿದೆ. ಅಲ್ಲಿ ಇನ್ನಷ್ಟು ಚೆನ್ನಾಗಿ ಕಾಣುವ ದೀಪಕ್ಕೆ ಜಾಗವಿದೆ. ಆ ಲಾಭವೇ ಗೊತ್ತಿಲ್ಲದ ಅಂಗಗಳಲ್ಲಿ ದೀಪ ಮುಂದೆ ಓಡಬಾರದು.

ಮುಂದೆ ಏನಾಗುವ ಸಾಧ್ಯತೆ

ಬೆಳಕಿನ ಸಾಧನಗಳು ಬಯಾಪ್ಸಿಯನ್ನು ಸದ್ಯಕ್ಕೆ ಕಿತ್ತೊಗೆಯುವುದಿಲ್ಲ. ಎಲ್ಲಿ ಬಯಾಪ್ಸಿ ಮಾಡಬೇಕೆಂದು ಬೆರಳು ತೋರಿಸುತ್ತವೆ. ಅದು ಸಣ್ಣ ಉಪಕಾರವೇನಲ್ಲ. ಅನ್ನನಾಳದ ಬ್ಯಾರೆಟ್ ಸ್ಥಿತಿಯಲ್ಲಿ (ಒಳಪದರ ಬದಲಾಗಿ ಕ್ಯಾನ್ಸರ್ ಅಪಾಯ ಹೆಚ್ಚುವ ಸ್ಥಿತಿ) ಪ್ರತಿ 1–2 ಸೆಂಟಿಮೀಟರಿಗೆ ನಾಲ್ಕು ದಿಕ್ಕಿನಿಂದ ಕುರುಡಾಗಿ ತುಣುಕು ತೆಗೆಯುವ ಪದ್ಧತಿಯಿದೆ; ಹಾಗೆ ಮಾಡಿದರೂ ಅನ್ನದ ಅಗುಳಿನಷ್ಟು ರೋಗ ಎರಡು ತುಣುಕುಗಳ ನಡುವೆ ಉಳಿದುಬಿಡಬಹುದು. ಇಂಥ ಕುರುಡು ತುಣುಕುಗಳನ್ನು ಬಿಟ್ಟು ಚಿತ್ರ ತೋರಿಸಿದ ಕಡೆ ಮಾತ್ರ ತೆಗೆಯಬೇಕಾದರೆ, ಆ ವಿಧಾನ ಶೇ 90 ರೋಗವನ್ನು ಹಿಡಿಯಬೇಕು, ರೋಗವಿಲ್ಲದವರಲ್ಲಿ ಶೇ 80ನ್ನು ಬಿಡಬೇಕು, ‘ಇಲ್ಲ’ ಎಂದಾಗ ಅದು ಶೇ 98 ನಿಜವಾಗಿರಬೇಕು ಎಂದು ಅಮೆರಿಕದ ಎಂಡೋಸ್ಕೋಪಿ ತಜ್ಞರ ಸಂಘ ಮಿತಿ ಹಾಕಿಟ್ಟಿದೆ. ಎಲ್ಲ ಅಂಗಗಳಿಗೂ ಹೀಗೆ ಮೊದಲೇ ಬರೆದಿಟ್ಟ ಮಿತಿ ಬೇಕು.

ಮಿತಿ ಹಾಕದೆ ಸಾಧನ ಮಾತ್ರ ಹಂಚಿದರೆ ಏನಾಗುತ್ತದೆಂದು 2011ರಲ್ಲಿ ಅನುಮತಿ ಪಡೆದ ಮೆಲಾಫೈಂಡ್ ತೋರಿಸಿದೆ. ಹತ್ತು ತರಂಗಾಂತರಗಳಲ್ಲಿ ಮಚ್ಚೆಯ ಚಿತ್ರ ತೆಗೆಯುತ್ತಿದ್ದ ಅದು ಶೇ 98 ಮೆಲನೋಮಾ ಹಿಡಿಯುತ್ತಿತ್ತು. ನಿರಪಾಯ ಮಚ್ಚೆಗಳಲ್ಲಿ ಬಿಡುತ್ತಿದ್ದದ್ದು ಹತ್ತರಲ್ಲಿ ಒಂದನ್ನು ಮಾತ್ರ. ಹೆಚ್ಚುಕಡಿಮೆ ಎಲ್ಲಕ್ಕೂ ಎಚ್ಚರಿಕೆ ಕೊಡುವ ಯಂತ್ರದಿಂದ ವೈದ್ಯರಿಗೆ ಹೊಸದೇನೂ ತಿಳಿಯಲಿಲ್ಲ. 2017ರ ಹೊತ್ತಿಗೆ ಅದು ಮಾರುಕಟ್ಟೆಯಲ್ಲಿ ಉಳಿಯಲಿಲ್ಲ.

ಎಚ್ಚರಿಕೆ ಹೆಚ್ಚಾದಂತೆ ಒತ್ತಡ ಬೀಳುವುದು ಪೆಥಾಲಜಿ ಪ್ರಯೋಗಾಲಯದ ಮೇಲೆ. ತೆಗೆದ ತುಣುಕು ಫಾರ್ಮಲಿನ್‌ನಲ್ಲಿ ನೆನೆಯಬೇಕು, ಮೇಣದಲ್ಲಿ ಕೂರಬೇಕು, ನಾಲ್ಕೈದು ಮೈಕ್ರಾನ್ ತೆಳುವಾಗಿ ಸೀಳಬೇಕು, ನೀಲಿ ಮತ್ತು ಗುಲಾಬಿ ಬಣ್ಣ ಹೀರಬೇಕು, ಆಮೇಲೆ ತಜ್ಞರೊಬ್ಬರು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ತಜ್ಞರು ಕಡಿಮೆಯಿರುವಲ್ಲಿ ಸಾಧನಗಳನ್ನು ಮಾತ್ರ ಹೆಚ್ಚಿಸಿದರೆ ನಿಜವಾದ ಕ್ಯಾನ್ಸರಿನ ತುಣುಕೂ ಸುಳ್ಳು ಎಚ್ಚರಿಕೆಗಳ ರಾಶಿಯ ಕೆಳಗೆ ಕಾಯುತ್ತದೆ. ಬೇಗ ಪತ್ತೆಯಾಗಬೇಕಾದ ರೋಗ ತಡವಾಗಿ ಪತ್ತೆಯಾಗುವುದು ಹೀಗೂ ಸಾಧ್ಯ.

ಹಾಗಾಗಿ ಬೆಳಕಿನ ತಂತ್ರ ಅತಿ ಬೇಗ ಫಲ ಕೊಡಬಹುದಾದ ಜಾಗ ರೋಗಿಯ ಚರ್ಮಕ್ಕಿಂತ ಈ ಪ್ರಯೋಗಾಲಯವೇ ಇರಬಹುದು. ಪ್ರಚೋದಿತ ರಾಮನ್ ಸೂಕ್ಷ್ಮದರ್ಶನ ಹಸಿ ತುಣುಕನ್ನೇ ಎರಡು ಗಾಜಿನ ನಡುವೆ ಒತ್ತಿ, ಕೊಬ್ಬು ಮತ್ತು ಪ್ರೋಟೀನಿನ ಕಂಪನಗಳಿಂದ ಚಿತ್ರ ಮೂಡಿಸುತ್ತದೆ. ಫಾರ್ಮಲಿನ್ ಬೇಡ, ಮೇಣ ಬೇಡ, ಬಣ್ಣ ಬೇಡ. 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 278 ಮಿದುಳು ಗಡ್ಡೆಗಳ ಇಂಥ ಚಿತ್ರಗಳನ್ನು ಸಾಫ್ಟ್‌ವೇರ್ ಒಂದೊಂದಕ್ಕೆ 150 ಸೆಕೆಂಡಿನೊಳಗೆ ಓದಿತು. ಅದರ ನಿಖರತೆ ಶೇ 94.6, ಎಂದಿನ ವಿಧಾನದಲ್ಲಿ ಪೆಥಾಲಜಿಸ್ಟ್‌ಗಳದು ಶೇ 93.9. ಇಬ್ಬರೂ ತಪ್ಪಿದರು, ಆದರೆ ಬೇರೆ ಬೇರೆ ಗಡ್ಡೆಗಳಲ್ಲಿ: ಪೆಥಾಲಜಿಸ್ಟ್‌ಗಳು ತಪ್ಪಾಗಿ ಓದಿದವನ್ನು ಸಾಫ್ಟ್‌ವೇರ್ ಸರಿಯಾಗಿ ಓದಿತ್ತು, ಸಾಫ್ಟ್‌ವೇರ್ ಎಡವಿದವನ್ನು ಪೆಥಾಲಜಿಸ್ಟ್‌ಗಳು ಸರಿಯಾಗಿ ಗುರುತಿಸಿದ್ದರು.